ಸುಟ್ಟ ಹಣತೆ ವಾರದಲ್ಲೇ ಚಕ್ಕೆ ಏಳುವುದೇಕೆ? ಮಣ್ಣಿನ ಕೆಲಸದ ಪ್ರಶ್ನೋತ್ತರ

ಪ್ರಶ್ನೆ: ಮನೆಯ ಹತ್ತಿರದ ಗದ್ದೆಯ ಮಣ್ಣಿನಲ್ಲಿ ಹಣತೆ ಮಾಡಿ ಸುಟ್ಟೆವು. ಗೂಡಿನಿಂದ ತೆಗೆದಾಗ ಚೆನ್ನಾಗಿದ್ದವು. ವಾರ ಕಳೆದಾಗ ಅಲ್ಲಲ್ಲಿ ಚಕ್ಕೆ ಎದ್ದು, ಒಳಗೆ ಬಿಳಿ ಚುಕ್ಕೆ ಕಾಣುತ್ತಿದೆ. ಬೆಂಕಿ ಸಾಲಲಿಲ್ಲವೇ?
– ಓದುಗರು, ಕುಂಬಳೆ

ಉತ್ತರ: ತೊಂದರೆ ಬೆಂಕಿಯದ್ದಲ್ಲ, ಮಣ್ಣಿನದ್ದು. ಆ ಬಿಳಿ ಚುಕ್ಕೆ ಸುಣ್ಣ. ಅಳಿವೆ, ಹಿನ್ನೀರಿನ ಬದಿಯ ಗದ್ದೆಗಳ ಮಣ್ಣಿನಲ್ಲಿ ಮರುವಾಯಿಯಂಥ ಚಿಪ್ಪಿನ ಚೂರುಗಳು ಸೇರಿಕೊಂಡಿರುತ್ತವೆ. ಶಾಖ ಸುಮಾರು 800 ಡಿಗ್ರಿ ದಾಟಿದಾಗ ಚಿಪ್ಪು ಸುಟ್ಟು ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಅರಳುತ್ತದೆ. ಅರಳಲು ಜಾಗವಿಲ್ಲದೆ ಮೇಲಿನ ಮಣ್ಣನ್ನೇ ಎಬ್ಬಿಸಿ ಹೊರಬರುತ್ತದೆ. ಕರಾವಳಿಯ ಗಾಳಿಯಲ್ಲಿ ತೇವಕ್ಕೇನೂ ಕೊರತೆಯಿಲ್ಲ, ಆದ್ದರಿಂದ ಇಲ್ಲಿ ಇದು ಬೇಗನೆ ಆಗುತ್ತದೆ.

ಮುಂದಿನ ಸಲ ಮಣ್ಣು ತಂದ ದಿನವೇ ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಒಂದು ಹೆಂಟೆಯನ್ನು ಮುರಿದು, ಮುರಿದ ಮೈಗೆ ವಿನೆಗರ್ ಹನಿಸಿ. ಒಂದೇ ಜಾಗದಲ್ಲಿ ಸಣ್ಣ ಗುಳ್ಳೆ ಬಿಡದೆ ಏಳುತ್ತಿದ್ದರೆ ಅಲ್ಲಿ ಚಿಪ್ಪಿದೆ ಎಂದರ್ಥ. ಹಾಗೆಂದು ಮಣ್ಣನ್ನು ಎಸೆಯಬೇಕಾಗಿಲ್ಲ. ಪೂರ್ತಿ ಒಣಗಿಸಿ ಪುಡಿಮಾಡಿ, ಎರಡು ಪಾಲು ನೀರಿಗೆ ಒಂದು ಪಾಲು ಮಣ್ಣು ಹಾಕಿ ಒಂದು ದಿನ ನೆನೆಯಲು ಬಿಡಿ. ಹಸಿ ಹೆಂಟೆಗಿಂತ ಒಣಗಿದ ಮಣ್ಣೇ ನೀರಿನಲ್ಲಿ ಚೆನ್ನಾಗಿ ಕರಗುವುದು. ಕೈಯಾಡಿಸಿ, 60 ಮೆಶ್ (ಇಂಚಿಗೆ 60 ಕಣ್ಣಿನ) ಜರಡಿಯಲ್ಲಿ ಸೋಸಿ. ಸೊಳ್ಳೆಪರದೆಯ ಬಟ್ಟೆ ಸಾಲದು, ಅದರ ಕಣ್ಣು ದೊಡ್ಡದು. ಅರ್ಧ ಮಿಲಿಮೀಟರಿಗಿಂತ ಸಣ್ಣ ಸುಣ್ಣದ ಪುಡಿ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ. ಸೋಸಿದ ಕೆಸರು ತಳದಲ್ಲಿ ನಿಂತ ಮೇಲೆ ತಿಳಿನೀರು ಬಗ್ಗಿಸಿ, ಉಳಿದದ್ದನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಕೆಲವು ದಿನಗಳಲ್ಲಿ ನಾದುವ ಹದಕ್ಕೆ ಬರುತ್ತದೆ.

ಸೋಸಿದ ಮಣ್ಣು ಬರೇ ಜಿಗುಟಾಗಿದ್ದರೆ ಹತ್ತು ಪಾಲಿಗೆ ಒಂದೆರಡು ಪಾಲು ನಯವಾದ ಹೊಳೆಮರಳು ಬೆರೆಸಿ. ಕಡಲ ಮರಳು ಬೇಡ. ಅದರಲ್ಲಿ ಚಿಪ್ಪೂ ಇರುತ್ತದೆ, ಉಪ್ಪೂ ಇರುತ್ತದೆ. ಎಷ್ಟು ಕುಗ್ಗುತ್ತದೆಂದು ತಿಳಿಯಲು ಹಸಿಮಣ್ಣಿನ ಪಟ್ಟಿಯ ಮೇಲೆ 10 ಸೆಂಟಿಮೀಟರಿನ ಗೆರೆ ಎಳೆದು ಒಣಗಿಸಿ ಅಳೆಯಿರಿ. 9.2 ಆಗಿದ್ದರೆ ಶೇಕಡಾ 8 ಕುಗ್ಗಿದೆ. 9ಕ್ಕಿಂತ ಕೆಳಗಿಳಿದರೆ ಇನ್ನಷ್ಟು ಮರಳು ಬೇಕು.

ಮಣ್ಣು ತೆಗೆಯುವ ಕಾಲವೂ ಮುಖ್ಯ. ಮಡಿಕೈ ಪಂಚಾಯತಿನ ಎರಿಕ್ಕುಳದ ಕುಂಬಾರರು ವಿಷು ಕಳೆದ ಮೇಲೆ, ಗದ್ದೆ ಒಣಗಿರುವಾಗ, ವರ್ಷಕ್ಕೆ ಬೇಕಾದ ಮಣ್ಣು ತೆಗೆದಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಕೈಕೆಲಸ ಶುರುಮಾಡಲು ಯಾವ ಸಲಕರಣೆ ಕೊಳ್ಳಬೇಕು?
– ಓದುಗರು, ಬದಿಯಡ್ಕ

ಉತ್ತರ: ಮೊದಲಿಗೆ ಏನೂ ಕೊಳ್ಳಬೇಡಿ. ಮಣ್ಣು ಕತ್ತರಿಸಲು ಗಾಳದ ನೂಲಿನ ಎರಡು ತುದಿಗೆ ಕಡ್ಡಿ ಕಟ್ಟಿದರಾಯಿತು. ಗೋಡೆ ನಯ ಮಾಡಲು ಗೆರಟೆಯ ತುಂಡು, ಅಂಚು ಉಜ್ಜಿ ಚೂಪು ತೆಗೆದದ್ದು. ಕೊರೆಯಲು ಬಿದಿರಿನ ಸೀಳು, ದಪ್ಪ ನೋಡಲು ಸೂಜಿ, ನೀರು ತೆಗೆಯಲು ಸ್ಪಂಜು. ಪಾತ್ರೆಯಡಿಗೆ ಅಡಿಕೆ ಹಾಳೆಯ ತುಂಡು ಇಟ್ಟುಕೊಂಡರೆ ಪಾತ್ರೆಯನ್ನು ಮುಟ್ಟದೆ ತಿರುಗಿಸಬಹುದು. ಜರಡಿಗೆ ಮಾತ್ರ ಹಣ ಹಾಕಿ.

ಪ್ರಶ್ನೆ: ತಿಗರಿಯಲ್ಲಿ ಮಾಡಿದ ಬಟ್ಟಲಿನ ತಳ ಒಣಗುವಾಗ ನಡುವೆಯೇ ಬಿರಿಯುತ್ತದೆ. ಗೋಡೆಗೆ ಏನೂ ಆಗುವುದಿಲ್ಲ.
– ಓದುಗರು, ಮಂಜೇಶ್ವರ

ಉತ್ತರ: ಬಿರುಕು ಹಾವಿನಂತೆ ಡೊಂಕಾಗಿದ್ದರೆ ತಳವನ್ನು ಒತ್ತಿಲ್ಲ ಎಂದೇ ತಿಳಿಯಿರಿ. ಗೋಡೆಯನ್ನು ಬೆರಳುಗಳ ನಡುವೆ ಹಿಡಿದು ಎತ್ತುವಾಗ ಅಲ್ಲಿನ ಮಣ್ಣು ಬಿಗಿಯಾಗುತ್ತದೆ. ತಳದ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ, ಮೇಲಿಂದ ನೀರೂ ನಿಂತಿರುತ್ತದೆ. ಗೋಡೆ ಮೊದಲು ಒಣಗಿ ಗಟ್ಟಿಯಾದ ಮೇಲೆ ತಳ ಕುಗ್ಗಲು ಹೊರಡುತ್ತದೆ. ಆಗ ಎಳೆತ ತಾಳಲಾರದೆ ಸಡಿಲವಾದ ನಡುಭಾಗವೇ ಬಿಟ್ಟುಕೊಡುತ್ತದೆ.

ಮಣ್ಣಿನ ಉಂಡೆಗೆ ಹೊಂಡ ತೆಗೆದ ಕೂಡಲೇ, ಗೋಡೆ ಎತ್ತುವ ಮೊದಲು, ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಮೂರು ನಾಲ್ಕು ಸಲ ಒತ್ತಿ. ತಳದ ದಪ್ಪ ಗೋಡೆಯಷ್ಟೇ ಇರಲಿ. ನೀರನ್ನು ಸ್ಪಂಜಿನಿಂದ ತೆಗೆಯಿರಿ. ಮುಗಿದ ತಕ್ಷಣ ನೂಲು ಹಾಯಿಸಿ ಬಿಡಿಸಿ, ಅಂಚು ಗಟ್ಟಿಯಾದ ಮೇಲೆ ಕವುಚಿ ಹಾಕಿ ಒಣಗಿಸಿ.

ಅನ್ನದ ಅಳಗೆಗೆ ಈ ತೊಂದರೆ ಇಲ್ಲ. ಅದರ ತಳ ತಿಗರಿಯಲ್ಲಿ ಆಗುವುದೇ ಅಲ್ಲ. ಕುಂಬಾರರು ತಳವಿಲ್ಲದ ದಪ್ಪ ಗೋಡೆಯನ್ನಷ್ಟೇ ಎತ್ತಿ ಬಿಡಿಸಿ ನೆರಳಿನಲ್ಲಿ ಆರಲು ಬಿಡುತ್ತಾರೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಎತ್ತಿದರೆ ಬಗ್ಗಬಾರದು, ಅದೇ ಹದ. ಆಮೇಲೆ ಒಳಗೆ ದುಂಡುಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತ ಬರುತ್ತಾರೆ. ಹಲಗೆಗೆ ಮಣ್ಣು ಅಂಟದಿರಲು ಬೂದಿ. ಗೋಡೆ ತೆಳುವಾಗುತ್ತ ಕೆಳಗೆ ಸರಿದು ಕೊನೆಗೆ ತಳ ಮುಚ್ಚಿಕೊಳ್ಳುತ್ತದೆ. ಪ್ರತಿ ಪೆಟ್ಟಿಗೂ ಮಣ್ಣು ಬಿಗಿಯಾಗುವುದರಿಂದ ಆ ತಳ ನೇರ ಬೆಂಕಿಯನ್ನೂ ತಾಳುತ್ತದೆ. ಕಲಿಯುವವರು ಒಮ್ಮೆಯಾದರೂ ಕೂತು ನೋಡಲೇಬೇಕಾದ ಕೆಲಸ ಇದು.

ಪ್ರಶ್ನೆ: ಮಳೆಗಾಲದಲ್ಲಿ ಸುಡುವಾಗ ಪಾತ್ರೆಗಳು ಸಿಡಿದವು. ಒಳಗೆ ಗಾಳಿ ಉಳಿದಿತ್ತೇ?
– ಓದುಗರು, ಮುಳ್ಳೇರಿಯ

ಉತ್ತರ: ಗಾಳಿಯಲ್ಲ, ನೀರು. 100 ಡಿಗ್ರಿ ದಾಟಿದಾಗ ಮಣ್ಣಿನೊಳಗಿನ ತೇವ ಆವಿಯಾಗಿ, ಹೊರಬರಲು ದಾರಿ ಸಾಲದೆ ಪಾತ್ರೆಯನ್ನು ಒಡೆಯುತ್ತದೆ. ಆಟಿ ತಿಂಗಳಲ್ಲಿ ನೆರಳಿನಲ್ಲಿ ಎಷ್ಟು ದಿನ ಇಟ್ಟರೂ ಮಣ್ಣು ಪೂರ್ತಿ ಒಣಗುವುದಿಲ್ಲ. ಪಾತ್ರೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ತೇವವಿದೆ. ಒಲೆಯ ಮೇಲಿನ ಅಟ್ಟದಲ್ಲಿ ಕೆಲವು ದಿನ ಇಟ್ಟು, ಸುಡುವ ದಿನ ಮೊದಲ ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲೇ ಕಾಯಿಸಿ. ಗೂಡಿನ ಬಾಯಿಗೆ ತಣ್ಣನೆಯ ಕನ್ನಡಿ ಹಿಡಿದಾಗ ಮಬ್ಬು ಕಟ್ಟಿದರೆ ಆವಿ ಇನ್ನೂ ಬರುತ್ತಿದೆ. ಮಬ್ಬು ನಿಂತ ಮೇಲೆ ಉರಿ ಹೆಚ್ಚಿಸಿ. ಒಂದು ಸೆಂಟಿಮೀಟರಿಗಿಂತ ದಪ್ಪದ ಗೊಂಬೆಗಳಿದ್ದರೆ ಒಳಗೆ ಟೊಳ್ಳು ಮಾಡಿ, ಅಡಿಯಲ್ಲಿ ತೂತು ಬಿಡಿ. ಉರಿ ಮುಗಿದ ಮೇಲೆ ಕೈಯಲ್ಲಿ ಹಿಡಿಯುವಷ್ಟು ಆರುವ ತನಕ ಗೂಡು ತೆರೆಯಬೇಡಿ. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಮರಳಿನ ಹರಳುಗಳು ಥಟ್ಟನೆ ಕುಗ್ಗುತ್ತವೆ. ಆಗ ತಣ್ಣನೆ ಗಾಳಿ ಹೊಡೆದರೆ, ಸುಡುವಾಗ ಉಳಿದುಕೊಂಡ ಪಾತ್ರೆಯೂ ಸೀಳುತ್ತದೆ.