ಒಂದು ಮಗು ಬಂದರೂ ವೈಯಲ್ ಒಡೆಯಿರಿ

ಮುಧೋಳ ತಾಲ್ಲೂಕಿನ ಆರೋಗ್ಯ ಉಪಕೇಂದ್ರವೊಂದರಿಂದ ಸಿಸ್ಟರ್ ಒಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇದು:

“ಗುರುವಾರ ಮಧ್ಯಾಹ್ನ ಒಂದು ಗಂಟೆ ಆಗಿತ್ತು. ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳೊಬ್ಬಳು ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. ದಡಾರದ ಸೂಜಿ ಆಗಿರಲಿಲ್ಲ. ಒಂದೇ ಕೂಸಿಗೆ ಐದು ಡೋಸಿನ ವೈಯಲ್ (ಲಸಿಕೆಯ ಶೀಶೆ) ಒಡೆದರೆ ನಾಲ್ಕು ಡೋಸ್ ಹಾಳು, ಲೆಕ್ಕ ಕೊಡಬೇಕಾಗುತ್ತದೆ ಅಂತ ಮುಂದಿನ ಗುರುವಾರ ಬಾ ಎಂದೆ. ಮುಂದಿನ ಗುರುವಾರ ಗುಡಿಸಲೇ ಇರಲಿಲ್ಲ. ಗ್ಯಾಂಗ್ ಜಮಖಂಡಿ ಕಡೆ ಹೋಗಿತ್ತು. ನಾನು ಮಾಡಿದ್ದು ತಪ್ಪಾ? 2022ರ ನಂತರ ಎಂ.ಆರ್. (ದಡಾರ-ರುಬೆಲ್ಲಾ) ವೈಯಲ್ ಒಡೆಯೋದಂದ್ರೆ ನನಗೆ ಅಂಜಿಕೆ, ಅದನ್ನೂ ಹೇಳಿಬಿಡ್ತೀನಿ.”

ಸಿಸ್ಟರ್, ಆ ಕೂಸಿಗೆ ಅವತ್ತೇ ಸೂಜಿ ಹಾಕಬೇಕಿತ್ತು. ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ, ಯಾಕೆಂದರೆ ನೀವೂ ಹಾಗೇ ಕೇಳಿದ್ದೀರಿ. ಸರ್ಕಾರದ ನಿಯಮ ನಿಮ್ಮ ಪರವಾಗಿಯೇ ಇದೆ. ಒಂದೇ ಮಗು ಬಂದರೂ ವೈಯಲ್ ತೆರೆಯಬೇಕು. ಉಳಿದ ಡೋಸ್ ಹಾಳಾಗುತ್ತದೆ ಅನ್ನೋದು ಲೆಕ್ಕ ಹಾಕುವವರಿಗೂ ಗೊತ್ತು, ಅದನ್ನು ಸೇರಿಸಿಯೇ ಲಸಿಕೆ ಕಳಿಸುತ್ತಾರೆ. ಯಾರಾದರೂ ಕೇಳಿದರೆ ಧೈರ್ಯವಾಗಿ ಹಾಗೇ ಹೇಳಿ.

ಲಸಿಕೆ ಇಲ್ಲದವರ ನಡುವೆ ದಡಾರ ಬಂದ ಒಬ್ಬರಿಂದ 12ರಿಂದ 18 ಜನರಿಗೆ ಹರಡುತ್ತದೆ. ರೋಗಿ ಎದ್ದು ಹೋದ ಮೇಲೂ ಎರಡು ತಾಸಿನವರೆಗೆ ವೈರಸ್ ಆ ಗಾಳಿಯಲ್ಲಿ ಇರಬಹುದು. ಸಕ್ಕರೆ ಕಾರ್ಖಾನೆ ಹಂಗಾಮಿನಲ್ಲಿ ಹೊಲದ ಬದಿಗೆ ಏಳುವ ಗುಡಿಸಲು ಸಾಲನ್ನು ನೀವು ನನಗಿಂತ ಚೆನ್ನಾಗಿ ನೋಡಿದ್ದೀರಿ. ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಅಲ್ವಾ? ಅಲ್ಲಿ ನಾಲ್ಕು ಡೋಸಿನ ಬೆಲೆ ಏನೂ ಅಲ್ಲ.

ಈಗ ನಿಮ್ಮ ಅಂಜಿಕೆಯ ಮಾತು. 2022ರ ಜನವರಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಎಂ.ಆರ್. ಸೂಜಿ ಹಾಕಿಸಿಕೊಂಡ ಮೇಲೆ ಮೂರು ಕೂಸುಗಳು ತೀರಿಕೊಂಡವು. ಆ ಸುದ್ದಿ ಓದಿದ ದಿನ ನನಗೂ ಊಟ ಸೇರಲಿಲ್ಲ. ಆದರೆ ಈ ಅಂಜಿಕೆ ಒಳ್ಳೆಯದೇ, ಅದು ಇರುವವರು ಗಡಿಯಾರ ನೋಡುತ್ತಾರೆ. ಎಂ.ಆರ್. ಲಸಿಕೆ ಒಣ ಪುಡಿ. ಅದರಲ್ಲಿ ಕೆಡದಂತೆ ಕಾಯುವ ಔಷಧಿ ಇರುವುದಿಲ್ಲ. ನೀರು ಬೆರೆಸಿದ ಮೇಲೆ ಒಳಗೆ ಕೀಟಾಣು ಸೇರಿದರೆ ಅದು ಅಲ್ಲೇ ಬೆಳೆದು ವಿಷ ಬಿಡುತ್ತದೆ, ಮಗುವಿಗೆ ಕೆಲವೇ ತಾಸಿನಲ್ಲಿ ವಾಂತಿ, ಭೇದಿ, ಜೋರು ಜ್ವರ ಶುರುವಾಗುತ್ತದೆ. ಅದಕ್ಕೇ ನಾಲ್ಕು ತಾಸಿನ ಗಡುವು. ಬೆರೆಸಿದ ತಕ್ಷಣ ವೈಯಲ್ ಮೇಲೆ ಪೆನ್ನಿನಿಂದ ಸಮಯ ಬರೆಯಿರಿ. ನಾಲ್ಕು ತಾಸು ಆದರೆ ಅಥವಾ ಅವತ್ತಿನ ಕೆಲಸ ಮುಗಿದರೆ, ಯಾವುದು ಮೊದಲೋ ಆಗಲೇ ತೆಗೆದುಹಾಕಿ. ಮರುದಿನಕ್ಕೆ ಅಂತ ಯಾರ ಮನೆಯ ಫ್ರಿಜ್ಜಿನಲ್ಲೂ ಇಡಬೇಡಿ. ಬೆರೆಸುವ ದ್ರಾವಣ ಅದೇ ಕಂಪನಿಯದೇ ಆಗಿರಬೇಕು, ಲಸಿಕೆಯಷ್ಟೇ ತಣ್ಣಗಿರಬೇಕು. ಸೂಜಿ ಹಾಕಿದ ಮೇಲೆ ಅರ್ಧ ತಾಸು ತಾಯಿ ಮಗುವನ್ನು ಕೂರಿಸಿಕೊಳ್ಳಿ. ಇಷ್ಟು ಮಾಡಿದರೆ ಕೈ ನಡುಗುವುದಿಲ್ಲ.

ಪೆಂಟಾ (ಐದು ರೋಗಗಳ ಲಸಿಕೆ), ಪಿ.ಸಿ.ವಿ. (ನ್ಯುಮೋನಿಯಾ ತಡೆಯುವ ಲಸಿಕೆ), ಪೋಲಿಯೋ ಸೂಜಿಯ ವಿಷಯ ಬೇರೆ. ತೆರೆದ ವೈಯಲ್ಲನ್ನು 28 ದಿನ ಬಳಸಬಹುದು. ತೆರೆದ ದಿನ ಬರೆದಿರಬೇಕು, ಅವಧಿ ಮುಗಿದಿರಬಾರದು, ತಂಪು ತಪ್ಪಿರಬಾರದು, ಮುಚ್ಚಳ ನೀರಲ್ಲಿ ಮುಳುಗಿರಬಾರದು. ಶಾಖ ತಾಗಿದ್ದನ್ನು ತೋರಿಸುವ, ಲೇಬಲ್ ಮೇಲಿನ ಚೌಕದ ಬಣ್ಣ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿರಬೇಕು. ಇವಕ್ಕೆ ಬಿಸಿಲಿನಷ್ಟೇ ಹಿಮದ ಅಪಾಯವೂ ಇದೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಆಗಿದ್ದಾಗ, ನಮ್ಮ ಹಿರಿಯ ಸಿಸ್ಟರ್ ಒಬ್ಬರು ಬೆಳಿಗ್ಗೆ ಐಸ್‌ಪ್ಯಾಕ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಒಳಗೆ ನೀರಿನ ಸಪ್ಪಳ ಕೇಳಿದ ಮೇಲೇ, ಅಂದರೆ ಹಿಮ ಕರಗಲು ಶುರುವಾದ ಮೇಲೇ, ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಇಡುತ್ತಿದ್ದರು. ಆಶಾ ಕಾರ್ಯಕರ್ತೆಯರು ಹೊರಗೆ ಅವಸರ ಮಾಡಿದರೂ ಅವರು ಕೇಳುತ್ತಿರಲಿಲ್ಲ.

2023ರ ಜನವರಿಯಿಂದ ಒಂಬತ್ತು ತಿಂಗಳಿಗೆ ಪೋಲಿಯೋ ಸೂಜಿಯ ಮೂರನೇ ಡೋಸ್ ಸೇರಿದೆ. ಎಂ.ಆರ್., ಪಿ.ಸಿ.ವಿ. ಬೂಸ್ಟರ್, ಇದು, ಕಡಿಮೆ ಎಂದರೂ ಮೂರು ಸೂಜಿ. “ಒಂದು ಇವತ್ತು ಹಾಕ್ರಿ, ಉಳಿದಿದ್ದು ಆಮ್ಯಾಲೆ” ಎಂದು ತಾಯಂದಿರು ಹೇಳುತ್ತಾರೆ. ಗ್ಯಾಂಗಿನ ಕೂಸಿಗೆ ಆ ‘ಆಮ್ಯಾಲೆ’ ಬರುವುದೇ ಇಲ್ಲ. ಬೇರೆ ಬೇರೆ ಜಾಗದಲ್ಲಿ ಒಂದೇ ದಿನ ಹಾಕಿದರೆ ಏನೂ ಆಗುವುದಿಲ್ಲ. ನೆಗಡಿ, ಸಣ್ಣ ಜ್ವರ ಇದೆ ಅಂತಲೂ ವಾಪಸ್ ಕಳಿಸಬೇಡಿ.

ಲಸಿಕೆ ಕಾರ್ಡ್ ಇಲ್ಲದಿದ್ದರೆ? ಮೊದಲು ಸರಿಯಾಗಿ ಕೇಳಿ, ಎಷ್ಟೋ ಸಲ ಇರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗುಡಿಸಲಿನ ಟ್ರಂಕಿನ ತಳಕ್ಕೆ ಇಟ್ಟಿರುತ್ತಾರೆ. ಮಹಾರಾಷ್ಟ್ರದ ಬೀಡ ಕಡೆಯವರದ್ದು ಮರಾಠಿಯಲ್ಲಿರುತ್ತದೆ, ನಮ್ಮ ಭಾಗದವರಿಗೆ ಅದನ್ನು ಓದೋದು ಕಷ್ಟ ಅಲ್ಲ. ನಿಜವಾಗಿಯೂ ಇಲ್ಲ ಎಂದರೆ ಹಾಕಿಲ್ಲ ಎಂದೇ ತಿಳಿದು ಹಾಕಿ. ಎಂ.ಆರ್. ಒಂದು ಡೋಸ್ ಹೆಚ್ಚಾದರೆ ತೊಂದರೆಯಿಲ್ಲ. ತಡವಾದ ಮಗುವಿಗೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿ. ಎಂ.ಆರ್. ಐದು ವರ್ಷದವರೆಗೂ ಹಾಕಬಹುದು. ಹಾಕಿದ್ದನ್ನು ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆ ಯು-ವಿನ್‌ನಲ್ಲಿ ದಾಖಲಿಸಿ, ಕೈಗೊಂದು ಹೊಸ ಕಾರ್ಡ್ ಕೊಡಿ. ಮುಂದಿನ ಊರಿನ ಸಿಸ್ಟರ್‌ಗೆ ಅದೇ ಆಧಾರ.

ಪತ್ರದ ಕೊನೆಗೆ ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಫೋನ್ ನಂಬರ್ ನಿಮ್ಮ ಹತ್ತಿರ ಇದೆ ಎಂದು ಬರೆದಿದ್ದೀರಿ. ಇದನ್ನು ಓದಿದ ಕೂಡಲೇ ಅವನಿಗೆ ಫೋನ್ ಮಾಡಿ, ಗ್ಯಾಂಗ್ ಯಾವ ಊರಲ್ಲಿದೆ ಕೇಳಿ. ಆ ಊರಿನ ಆಶಾ ಕಾರ್ಯಕರ್ತೆಗೆ ಮಗುವಿನ ಹೆಸರು, ವಯಸ್ಸು, ಬಾಕಿ ಇರುವ ಸೂಜಿಗಳನ್ನು ತಿಳಿಸಿ. ಬರುವ ಗುರುವಾರಕ್ಕೆ ಇನ್ನೂ ಸಮಯವಿದೆ.