ಒಂದೇ ಸಿನಿಮಾ, ಆರು ಆಲ್ಬಮ್ಮು!

ಪ್ರಶ್ನೆ: ಸರ್, ಅಪ್ಪಾಜಿ ಕೂಡಿಟ್ಟ ಎಂಪಿ3 ಹಾಡುಗಳು ಹತ್ತಿರ ಹತ್ತಿರ 4,000 ಇವೆ, ಸಿನಿಮಾಗೊಂದು ಫೋಲ್ಡರ್ ಮಾಡಿ ನೀಟಾಗಿ ಜೋಡಿಸಿದೀನಿ, ಆದ್ರೆ ಫೋನಿಗೆ ಹಾಕಿದ್ರೆ ಒಂದೇ ಸಿನಿಮಾ ಹೆಸರು ಆರು ಸಲ ಬರತ್ತೆ, ಒಂದೊಂದ್ರಲ್ಲಿ ಒಂದೊಂದೇ ಹಾಡು. ಮೂರು ಭಾನುವಾರ ಇದಕ್ಕೇ ಹೋಯ್ತು. ಫೋಲ್ಡರಲ್ಲಿ ಇನ್ನೇನು ಬದಲಾಯಿಸ್ಲಿ?
— ತಿಪಟೂರಿನ ಓದುಗರು

ಉತ್ತರ: ದಯವಿಟ್ಟು ಫೋಲ್ಡರ್ ಮುಟ್ಬೇಡಿ, ಅದ್ರದ್ದೇನೂ ತಪ್ಪಿಲ್ಲ. ಅಡುಗೆಮನೆ ಡಬ್ಬಗಳನ್ನ ನೆನೆಸ್ಕೊಳ್ಳಿ, ನೀವು ಯಾವ ಶೆಲ್ಫಲ್ಲಿ ಇಟ್ರಿ ಅಂತ ಪ್ಲೇಯರ್ ನೋಡಲ್ಲ, ಡಬ್ಬದ ಮೇಲೆ ಅಂಟಿಸಿರೋ ಚೀಟಿ ಮಾತ್ರ ಓದತ್ತೆ. ಆ ಚೀಟಿನೇ ಟ್ಯಾಗು. ಹಾಡಿನ ಹೆಸರು, ಆರ್ಟಿಸ್ಟು, ಆಲ್ಬಮ್ಮು, ವರ್ಷ ಎಲ್ಲಾ ಫೈಲ್ ಒಳಗೇ ಬರೆದಿರತ್ತೆ.

ಈಗ ನಮ್ಮ ಸಿನಿಮಾ ಹಾಡಿನ ತಾಪತ್ರಯ ನೋಡಿ. ಒಂದು ಹಾಡು ಎಸ್‌ಪಿಬಿ ಒಬ್ರೇ, ಇನ್ನೊಂದು ಎಸ್‌ಪಿಬಿ ಜಾನಕಿ ಇಬ್ರೂ, ಮತ್ತೊಂದು ವಾಣಿ ಜಯರಾಂ, ಹಿಂಗೆ ಆರ್ಟಿಸ್ಟ್ ಜಾಗದಲ್ಲಿ ಹಾಡಿಗೊಂದು ಹೆಸರು. ತುಂಬಾ ಪ್ಲೇಯರ್‌ಗಳು ಆಲ್ಬಮ್ ಹೆಸರು ಪ್ಲಸ್ ಆರ್ಟಿಸ್ಟ್ ಹೆಸರು ಎರಡನ್ನೂ ಸೇರಿಸಿ ಗುಂಪು ಮಾಡ್ತವೆ, ಗಾಯಕರು ಬದಲಾದ್ರೆ ಆಲ್ಬಮ್ಮೇ ಬೇರೆ ಅಂದ್ಕೊಂಡ್ಬಿಡ್ತವೆ. ಒಬ್ಬ ಗಾಯಕ ಒಂದು ಆಲ್ಬಮ್ಮು ಅನ್ನೋ ಕಡೆಯವರು ಮಾಡಿದ ಲೆಕ್ಕ ಇದು, ನಮ್ಮಲ್ಲಿ ಹಾಡು ಸಿನಿಮಾಗೆ ಸೇರಿದ್ದು, ಗಾಯಕರಿಗಲ್ಲ. ಇದಕ್ಕೆ ಮದ್ದು ಆಲ್ಬಮ್ ಆರ್ಟಿಸ್ಟ್ ಅನ್ನೋ ಇನ್ನೊಂದು ಜಾಗ. ತಮಾಷೆ ಏನಂದ್ರೆ ಎಂಪಿ3ಗೆ ಟ್ಯಾಗ್ ನಿಯಮ ಬರೆದೋರು ಆ ಜಾಗ ಇಟ್ಟಿದ್ದು ಬ್ಯಾಂಡು, ಆರ್ಕೆಸ್ಟ್ರಾ ಹೆಸರಿಗೆ, ಪ್ಲೇಯರ್ ಮಾಡೋರು ಅದನ್ನ ಆಲ್ಬಮ್ ಆರ್ಟಿಸ್ಟ್ ಮಾಡ್ಕೊಂಡ್ರು, ಈಗ ಅದೇ ರೂಢಿ.

ಅಲ್ಲಿ ಏನು ಬರೀಬೇಕು? ಬಹಳ ಜನ ವೇರಿಯಸ್ ಆರ್ಟಿಸ್ಟ್ಸ್ ಅಂತ ಹಾಕ್ತಾರೆ, ನಂಗೆ ಅದು ಇಷ್ಟ ಇಲ್ಲ, ನಿಮ್ಮ ಎಲ್ಲಾ ಸಿನಿಮಾನೂ ಒಂದೇ ಮೂಟೆಗೆ ಹೋಗತ್ತೆ. ಸಂಗೀತ ನಿರ್ದೇಶಕರ ಹೆಸರು ಹಾಕಿ. ಆಗ ಹಂಸಲೇಖ ಅಂತ ಒತ್ತಿದ್ರೆ ಹಂಸಲೇಖ ಸಿನಿಮಾಗಳೆಲ್ಲಾ ಸಾಲಾಗಿ ಬರ್ತವೆ, ಕ್ಯಾಸೆಟ್ ಅಂಗಡಿ ರ‍್ಯಾಕ್ ಥರ.

ಕೆಲಸ ಹಿಂಗೆ. ಮೊದ್ಲು ಪೂರ್ತಿ ಒಂದು ಕಾಪಿ ಬೇರೆ ಡಿಸ್ಕಲ್ಲಿ ಇಡಿ, ಇದನ್ನ ಮಾಡ್ದೇ ಮುಂದಿನ ಸಾಲು ಓದ್ಬೇಡಿ. ವಿಂಡೋಸಲ್ಲಿ ಎಂಪಿ3ಟ್ಯಾಗ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು ಒಂದು ಸಿನಿಮಾ ಫೋಲ್ಡರ್ ತೆಗೀರಿ, ಕಂಟ್ರೋಲ್ ಎ ಒತ್ತಿ ಎಲ್ಲಾ ಸೆಲೆಕ್ಟ್ ಮಾಡಿ, ಎಡಗಡೆ ಆಲ್ಬಮ್, ಆಲ್ಬಮ್ ಆರ್ಟಿಸ್ಟ್, ವರ್ಷ ಈ ಮೂರು ಮಾತ್ರ ಟೈಪ್ ಮಾಡಿ ಸೇವ್ ಕೊಡಿ. ಹಾಡಿನ ಹೆಸರು, ಆರ್ಟಿಸ್ಟ್ ಜಾಗದಲ್ಲಿ ಕೀಪ್ ಅಂತ ಕಾಣತ್ತೆ, ಇದ್ದಂಗೇ ಇರ್ಲಿ ಅಂತ ಅರ್ಥ, ಅದನ್ನ ಅಳಿಸಿದ್ರೋ ಆರೂ ಹಾಡಿಗೆ ಹೆಸರೇ ಇಲ್ದಂಗಾಗತ್ತೆ. ನಾನು ಒಂದ್ಸಲ ಹಂಗೆ ಮಾಡ್ಕೊಂಡು ನಲವತ್ತು ಹಾಡು ಒಂದೊಂದೇ ಕೇಳಿ ಹೆಸರು ಬರೆದಿದೀನಿ, ಅದಕ್ಕೇ ಮೇಲಿನ ಕಾಪಿ ಪುರಾಣ.

ಇಷ್ಟು ಮಾಡಿದ್ಮೇಲೂ ಒಂದು ಸಿನಿಮಾ ಎರಡಾಗಿ ಕಂಡ್ರೆ ಹೆಸರಿನ ಕೊನೇಲಿ ಒಂದು ಸ್ಪೇಸ್ ಕೂತಿರತ್ತೆ, ಕಣ್ಣಿಗೆ ಬೀಳಲ್ಲ, ಪ್ಲೇಯರ್‌ಗೆ ಬೀಳತ್ತೆ. ಇಲ್ಲಾ ಡೌನ್‌ಲೋಡ್ ಮಾಡಿದ ಸೈಟಿನ ಹೆಸರು ಅಂಟ್ಕೊಂಡಿರತ್ತೆ. ಸ್ಪೆಲ್ಲಿಂಗೂ ಅಷ್ಟೇ, ಎಸ್‌ಪಿಬಿನ ಇಂಗ್ಲಿಷಲ್ಲಿ ಜನ ಎಷ್ಟು ಥರ ಬರೀತಾರೆ ಅಂತ ನಿಮ್ಮ ಲಿಸ್ಟ್ ನೋಡಿದ್ರೇ ಗೊತ್ತಾಗತ್ತೆ, ಚುಕ್ಕಿ ಇರೋದು, ಇಲ್ದಿರೋದು, ಪೂರ್ತಿ ಹೆಸರು, ಯಾವ್ದಾದ್ರೂ ಒಂದು ಹಿಡ್ಕೊಂಡು ಕೊನೇವರ್ಗೂ ಅದನ್ನೇ ಬರೀರಿ.

ಉಲ್ಟಾ ತೊಂದ್ರೆನೂ ಇದೆ. ಗಂಧದ ಗುಡಿ 1973ರದ್ದೂ ಇದೆ, 2022ರದ್ದೂ ಇದೆ. ಎರಡಕ್ಕೂ ವೇರಿಯಸ್ ಆರ್ಟಿಸ್ಟ್ಸ್ ಅಂತ ಹಾಕಿದ್ರೆ ಒಂದೇ ಆಲ್ಬಮ್ಮಾಗಿ ಕಲಸಿಹೋಗತ್ತೆ. ರಾಜನ್-ನಾಗೇಂದ್ರ ಅಂತ ಒಂದಕ್ಕೆ, ಅಜನೀಶ್ ಲೋಕನಾಥ್ ಅಂತ ಇನ್ನೊಂದಕ್ಕೆ ಹಾಕಿದ್ರೆ ತಾನಾಗೇ ಬೇರೆ ಆಗ್ತವೆ. ನಾನಂತೂ ಆಲ್ಬಮ್ ಹೆಸರಿನ ಪಕ್ಕದಲ್ಲೇ ವರ್ಷನೂ ಸೇರಿಸ್ತೀನಿ.

ಪ್ರಶ್ನೆ: ಸರ, ಫೋನಿನ್ಯಾಗ ಹಾಡಿನ ಹೆಸರು ಕನ್ನಡದಾಗ ಚಂದ ಕಾಣ್ತಾವು, ಅದ ಪೆನ್‌ಡ್ರೈವ್ ಕಾರಿಗೆ ಹಚ್ಚಿದ್ರ ಬರೇ ಚೌಕ ಚೌಕ ಬರ್ತಾವು. ಮತ್ತ 1 ಆದಮ್ಯಾಲೆ 10 ಬರ್ತದ, 2 ಎಲ್ಲೋ ಕೆಳಗ.
— ಧಾರವಾಡದ ಓದುಗರು

ಉತ್ತರ: ಚೌಕ ಬಂದ್ರೆ ಆ ಸ್ಟೀರಿಯೋದಲ್ಲಿ ಕನ್ನಡ ಫಾಂಟ್ ಇಲ್ಲ ಅಂತ, ನಿಮ್ಮ ಫೈಲ್ ಚೆನ್ನಾಗೇ ಇದೆ. ಕಾರಿಗೆ ಅಂತ ಬೇರೆ ಪೆನ್‌ಡ್ರೈವ್ ಇಟ್ಟು ಅದ್ರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿ, ಒಳ್ಳೇ ಟ್ಯಾಗ್ ಕೆಡಿಸ್ಕೋಬೇಡಿ. ಚೌಕದ ಬದ್ಲು ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರಗಳು ಬಂದ್ರೆ ಕಥೆ ಬೇರೆ, ಅದು ಹಳೇ ನುಡಿ, ಬರಹ ಫಾಂಟಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲಾ ಕಡೆ ಬಳಸೋ ಯೂನಿಕೋಡ್ ಅಕ್ಷರಕ್ಕೆ ಬದಲಾಯಿಸ್ಲೇಬೇಕು. ಹೆಸರು ಅರ್ಧಕ್ಕೆ ಕಟ್ ಆದ್ರೆ ಸ್ಟೀರಿಯೋ ಹಳೇ ಕಾಲದ ಟ್ಯಾಗ್ ಓದ್ತಿರಬಹುದು, ಅದು ಫೈಲಿನ ಬಾಲದಲ್ಲಿರೋ ಬರೀ 128 ಬೈಟು, ಹಾಡಿನ ಹೆಸರಿಗೆ 30 ಅಕ್ಷರ ಅಷ್ಟೇ.

1, 10, 2 ಬರೋದು ಯಾಕಂದ್ರೆ ಯಂತ್ರ ಅದನ್ನ ಸಂಖ್ಯೆ ಅಂತ ಓದ್ದೇ ಅಕ್ಷರ ಅಂತ ಓದತ್ತೆ, ಫೈಲ್ ಹೆಸರಿನ ಮೊದ್ಲಿಗೆ 01, 02 ಅಂತ ಬರೀರಿ. ಆಮೇಲೂ ಹಿಂದುಮುಂದಾದ್ರೆ ಪೆನ್‌ಡ್ರೈವ್ ಖಾಲಿ ಮಾಡಿ ಒಂದೊಂದೇ ಫೋಲ್ಡರ್ ಕ್ರಮವಾಗಿ ಕಾಪಿ ಮಾಡಿ, ಕೆಲವು ಸ್ಟೀರಿಯೋಗಳು ಹೆಸರು ನೋಡಲ್ಲ, ಯಾವ ಫೈಲ್ ಮೊದ್ಲು ಬಿತ್ತೋ ಅದನ್ನೇ ಮೊದ್ಲು ಹಾಡ್ತವೆ.

ಪ್ರಶ್ನೆ: ಗ್ಯಾಲರಿ ತುಂಬಾ ಆಲ್ಬಮ್ ಫೋಟೋಗಳೇ ಬರ್ತಿದ್ವು, ತಮ್ಮ ಏನೋ ಮಾಡ್ದ, ಫೋಟೋ ಹೋಯ್ತು, ಈಗ ಹಾಡೂ ಕಾಣ್ತಿಲ್ಲ. ಮೆಮೊರಿ ಕಾರ್ಡಲ್ಲಿ ಮಾತ್ರ ಇವೆ!
— ಪುತ್ತೂರಿನ ಓದುಗರು

ಉತ್ತರ: ನಿಮ್ಮ ತಮ್ಮ ಆ ಫೋಲ್ಡರಲ್ಲಿ ಡಾಟ್ ನೋಮೀಡಿಯಾ (.nomedia) ಅನ್ನೋ ಖಾಲಿ ಫೈಲ್ ಹಾಕಿರ್ತಾನೆ. ಅದಿದ್ರೆ ಆಂಡ್ರಾಯ್ಡ್ ಆ ಫೋಲ್ಡರನ್ನೇ ಸ್ಕ್ಯಾನ್ ಮಾಡಲ್ಲ, ಫೋಟೋ ಜೊತೆ ಹಾಡೂ ಹೋಗತ್ತೆ. ಫೈಲ್ ಮ್ಯಾನೇಜರಲ್ಲಿ ಹಿಡನ್ ಫೈಲ್ ತೋರ್ಸು ಅಂತ ಆನ್ ಮಾಡಿ, ಅದನ್ನ ಡಿಲೀಟ್ ಮಾಡಿ, ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ. ಫೋಟೋ ಕಾಟಕ್ಕೆ ಬೇರೆ ದಾರಿ, ಎಂಪಿ3ಟ್ಯಾಗಲ್ಲಿ ಕವರ್ ಚಿತ್ರಾನ ಹಾಡಿನ ಫೈಲ್ ಒಳಗೇ ಸೇರಿಸಿ ಹೊರಗಿರೋ ಚಿತ್ರ ಅಳಿಸಿಬಿಡಿ. ತಮ್ಮನಿಗೆ ಬೈಬೇಡಿ, ಅರ್ಧ ಸರಿಯಾಗೇ ಮಾಡಿದಾನೆ.

ಪ್ರಶ್ನೆ: ದಾಸರ ಪದಗಳಿಗೆ ಪುರಂದರದಾಸರ ಹೆಸರು ಎಲ್ಲಿ ಹಾಕೋದು, ಆರ್ಟಿಸ್ಟಲ್ಲಾ?
— ಮೈಸೂರಿನ ಓದುಗರು

ಉತ್ತರ: ಅಲ್ಲಮ್ಮ, ಆರ್ಟಿಸ್ಟ್ ಅಂದ್ರೆ ಹಾಡಿದವರು. ದಾಸರು ಕಂಪೋಸರ್ ಜಾಗಕ್ಕೆ. ಭಾವಗೀತೆಗೆ ಮಾತ್ರ ಪೇಚು, ರಾಗ ಹಾಕಿದವರು ಬೇರೆ, ಬರೆದ ಕವಿ ಬೇರೆ. ಕವಿಗೆ ಅಂತ ಲಿರಿಸಿಸ್ಟ್ ಜಾಗ ಇದೆ, ಆದ್ರೆ ಫೋನಿನ ಎಷ್ಟೋ ಪ್ಲೇಯರ್‌ಗಳು ಅದನ್ನ ತೋರಿಸೋದೇ ಇಲ್ಲ. ಅದಕ್ಕೆ ನಾನು ಹಾಡಿನ ಹೆಸರಿನ ಪಕ್ಕ ಒಂದು ಗೆರೆ ಎಳೆದು ಕವಿ ಹೆಸರನ್ನ ಅಲ್ಲೇ ಬರೀತೀನಿ. ನಿಯಮದ ಪ್ರಕಾರ ತಪ್ಪು, ಗೊತ್ತು.