ಗಿನಿ ಹುಲ್ಲಿನ ನಡುವೆ ಸ್ಟೈಲೋ ಯಾಕೆ ಉಳಿಯಲಿಲ್ಲ?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದು ಒಂದೆಕರೆ ಮುರಕಲ್ಲಿನ ಗುಡ್ಡೆ. ಹಟ್ಟಿಯಲ್ಲಿ ಐದು ದನಗಳಿವೆ. ದೀಪಾವಳಿವರೆಗೆ ಹುಲ್ಲಿಗೆ ಕೊರತೆಯಿಲ್ಲ, ಜನವರಿಗೆ ಎಲ್ಲ ಒಣಕಡ್ಡಿ. ಒಣಸೀಮೆಯ ಗೋಮಾಳಗಳಿಗೆ ಹುಲ್ಲನ್ನೂ ದ್ವಿದಳ ಮೇವನ್ನೂ ಜೊತೆಗೇ ಬೆಳೆಸಿ ತಳಿ ಮಾಡುತ್ತಾರೆಂದು ಓದಿ, ಕಳೆದ ಜೂನಿನಲ್ಲಿ ಬಯಲುಸೀಮೆಯಿಂದ ಅಂಜನ ಹುಲ್ಲಿನ ಬೀಜ ತರಿಸಿ ಸ್ಟೈಲೋ ಎಂಬ ದ್ವಿದಳ ಮೇವಿನ ಜೊತೆ ಬಿತ್ತಿದೆ. ಅಂಜನ ಏಳಲೇ ಇಲ್ಲ. ಇನ್ನೊಂದು ತುಂಡಿನಲ್ಲಿ ಗಿನಿ ಹುಲ್ಲಿನ ನಡುವೆ ಹಾಕಿದ ಸ್ಟೈಲೋ ಎರಡೇ ತಿಂಗಳಲ್ಲಿ ಮಾಯವಾಯಿತು. ತಪ್ಪಿದ್ದೆಲ್ಲಿ?

ಉತ್ತರ: ಅಂಜನದ್ದು ಬೇಗ ಹೇಳಿಬಿಡಬಹುದು. ಅದು ಕಡಿಮೆ ಮಳೆಯ ಹುಲ್ಲು. ನಮ್ಮ ಹುಳಿ ಮಣ್ಣು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಿಲ್ಲುವ ನೀರು ಎರಡೂ ಅದಕ್ಕೆ ಆಗದು. ಬಯಲುಸೀಮೆಯಲ್ಲಿ ಮಳೆಯೇ ಕಡಿಮೆ. ನಮ್ಮಲ್ಲಿ ನಾಲ್ಕು ತಿಂಗಳು ಸುರಿದು ಆಮೇಲೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಎರಡಕ್ಕೂ ಒಂದೇ ಬೀಜ ಸಲ್ಲದು.

ಸ್ಟೈಲೋ ಸತ್ತದ್ದರ ಹಿಂದೆ ತಳಿ ಆಯ್ಕೆಯ ಹಳೆಯ ಕ್ರಮವೊಂದಿದೆ. ಬಹುಕಾಲ ಹುಲ್ಲನ್ನು ಹುಲ್ಲಿನ ಮಡಿಯಲ್ಲಿ, ದ್ವಿದಳವನ್ನು ಅದರದ್ದೇ ಮಡಿಯಲ್ಲಿ ಬೆಳೆಸಿ, ಹೆಚ್ಚು ತೂಗಿದ್ದನ್ನು ಆರಿಸುತ್ತ ಬಂದರು. ಹಾಗೆ ಗೆದ್ದ ಹುಲ್ಲು ಸಹಜವಾಗಿಯೇ ಎತ್ತರದ್ದು, ದಟ್ಟ ನೆರಳಿನದ್ದು. ಪಕ್ಕದ ಗಿಡಕ್ಕೆ ಅದು ಬೆಳಕನ್ನೇ ಬಿಡುವುದಿಲ್ಲ. ಆದ್ದರಿಂದ ಎರಡನ್ನೂ ಒಂದೇ ಮಡಿಯಲ್ಲಿ ಬಿತ್ತಿ, ಮೂರನೇ ವರ್ಷಕ್ಕೂ ದ್ವಿದಳ ಎಷ್ಟು ಉಳಿದಿದೆ ಎಂದು ನೋಡಿ ಆರಿಸಬೇಕು. ನನ್ನ ಮಟ್ಟಿಗೆ ಮೊದಲ ವರ್ಷದ ತೂಕಕ್ಕಿಂತ ಈ ಲೆಕ್ಕವೇ ದೊಡ್ಡದು.

ಇಂಥ ತಳಿ ಮಾಡುವ ಕೆಲಸ ಸುಲಭದ್ದಲ್ಲ. ಅಂಜನ, ಗಿನಿ ಎರಡರಲ್ಲೂ ಬೀಜದೊಳಗಿನ ಭ್ರೂಣ ಹೆಚ್ಚಾಗಿ ಪರಾಗದ ಜೊತೆ ಕೂಡದೆಯೇ ಬೆಳೆಯುತ್ತದೆ. ಮರಿಗಿಡ ತಾಯಿಯ ಪಡಿಯಚ್ಚು. ಸಂಕರ ಮಾಡಬೇಕೆಂದರೆ ಪರಾಗ ಒಪ್ಪುವ ಅಪರೂಪದ ತಾಯಿಗಿಡವನ್ನು ಹುಡುಕಬೇಕು. ಅಂಜನದಲ್ಲಿ ಅಂಥದ್ದು ಅಮೆರಿಕದ ಟೆಕ್ಸಾಸಿನಲ್ಲಿ ಸಿಕ್ಕಿದ ಮೇಲೆಯೇ ಸಂಕರಕ್ಕೆ ದಾರಿಯಾಯಿತು. ದ್ವಿದಳದ ಕಡೆ ರೋಗದ ಭಯ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಸ್ಟೈಲೋವನ್ನು ಚಿಬ್ಬುರೋಗ ಹಾಳುಗೆಡವಿತು. ಆ ಜಾಗಕ್ಕೆ ಹಮಾಟ, ಸ್ಕಾಬ್ರ ಎಂಬ ಸ್ಟೈಲೋ ಜಾತಿಗಳು ಬಂದವು. ನಮ್ಮ ಮಳೆಗಾಲದ ತೇವದಲ್ಲಿ ಈ ರೋಗವನ್ನು ಮರೆಯುವಂತಿಲ್ಲ. ಒಂದೇ ಜಾತಿಯನ್ನು ನಂಬದೆ ಎರಡನ್ನೂ ಬೆರೆಸಿ ಬಿತ್ತಿ.

ಈ ಸಲ ಗಿನಿಯ ಎರಡು ಸಾಲುಗಳ ನಡುವೆ ಅಗಲ ಜಾಗ ಬಿಟ್ಟು ಅಲ್ಲಿ ಸ್ಟೈಲೋ ಹಾಕಿ. ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು, ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಮೇಲ್ಮಣ್ಣಿನಲ್ಲೇ ಬಿತ್ತಿ. ಆಳಕ್ಕೆ ಹೋದರೆ ಮೊಳಕೆ ಮೇಲೆ ಬರದು. ಯೂರಿಯಾ ಬೇಡ, ಅದು ಹುಲ್ಲಿಗೇ ಬಲ ಕೊಡುತ್ತದೆ. ಹುಳಿ ಮಣ್ಣಿನಲ್ಲಿ ಚೆನ್ನಾಗಿ ಕರಗುವ ಶಿಲಾರಂಜಕ (ರಾಕ್ ಫಾಸ್ಫೇಟ್) ಕೊಡಿ. ಮೊದಲ ಮಳೆಗಾಲದಲ್ಲಿ ಗಿನಿಯನ್ನು ಮತ್ತೆ ಮತ್ತೆ ಕೊಯ್ದು ಹಟ್ಟಿಗೆ ಹಾಕಿ, ಸ್ಟೈಲೋ ಬಿಸಿಲು ಕಾಣಲಿ. ಅದು ಬೀಜ ಉದುರಿಸುವವರೆಗೆ ದನ ಬಿಡಬೇಡಿ. ಬೇಸಿಗೆಯಲ್ಲಿ ಗುಡ್ಡೆಗೆ ಬೆಂಕಿ ಹಾಕುವ ರೂಢಿ ನಿಮ್ಮಲ್ಲಿದ್ದರೆ ಈ ತುಂಡಿನ ಸುತ್ತ ಡಿಸೆಂಬರಿನಲ್ಲೇ ಹುಲ್ಲು ಕೆತ್ತಿ ಬರಿನೆಲ ಮಾಡಿಡಿ.